ಸ್ಕೇಪ್‌ಗೋಟ್: ಬಲಿಯಾಗದ ಹೋತ

ಗೋದಾಮೊಂದರ ವಿಚಾರಣಾ ವರದಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುತ್ತಿದ್ದೆ. ದಾಸ್ತಾನು ಕಡಿಮೆ ಬಿದ್ದಿತ್ತು. ಗುಮಾಸ್ತರೊಬ್ಬರನ್ನು ಸ್ಕೇಪ್‌ಗೋಟ್ ಮಾಡಿದ್ದಾರೆ ಅಂತ ಅದರಲ್ಲಿತ್ತು. ನಾನು ‘ಬಲಿಪಶು’ ಅಂತ ಬರೆದೆ. ಪತ್ರಿಕೆಗಳಲ್ಲಿ ದಿನಾ ಕಾಣುವ ಮಾತು ಅಲ್ವಾ, ಯೋಚಿಸಲೇ ಇಲ್ಲ. ಕರಡು ಓದಿದ ಆ ಗುಮಾಸ್ತರು ಮೆತ್ತಗೆ ಹೇಳಿದರು: “ಮೇಡಂ, ನನ್ನನ್ನ ಯಾರೂ ಬಲಿ ಕೊಡ್ಲಿಲ್ಲ. ಬೇರೆಯವರ ತಪ್ಪನ್ನ ನನ್ನ ತಲೆಗೆ ಕಟ್ಟಿ ದೂರದ ಊರಿಗೆ ಕಳಿಸಿದ್ರು.”

ಆಮೇಲೆ ಪದದ ಮೂಲ ಹುಡುಕಿದೆ. ಅವರ ಮಾತು ಒಂದಕ್ಷರವೂ ತಪ್ಪಿರಲಿಲ್ಲ.

ಸ್ಕೇಪ್ ಅನ್ನುವುದು ಎಸ್ಕೇಪ್‌ನ ಮೊಟಕು ರೂಪ. ಗೋಟ್ ಅಂದರೆ ಮೇಕೆ. ಕೂಡಿಸಿದರೆ ‘ತಪ್ಪಿಸಿಕೊಂಡ ಮೇಕೆ’. ಕಥೆ ಇರುವುದು ಬೈಬಲ್ಲಿನ ಯಾಜಕಕಾಂಡದ 16ನೇ ಅಧ್ಯಾಯದಲ್ಲಿ. ಯೆಹೂದ್ಯರ ಪ್ರಾಯಶ್ಚಿತ್ತದ ದಿನ ಎರಡು ಹೋತಗಳನ್ನು ತಂದು ಚೀಟಿ ಹಾಕುತ್ತಾರೆ. ಒಂದು ದೇವರಿಗೆ ಬಲಿ. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈ ಇಟ್ಟು, ಜನರ ಪಾಪಗಳನ್ನೆಲ್ಲ ಹೇಳಿ, ಅದರ ಮೇಲೆ ಹೊರಿಸುತ್ತಾನೆ. ಆ ಹೋತವನ್ನು ಜೀವಂತವಾಗಿಯೇ ಬೆಂಗಾಡಿಗೆ ಅಟ್ಟುತ್ತಾರೆ. ಸ್ಕೇಪ್‌ಗೋಟ್ ಅಂದರೆ ಈ ಎರಡನೆಯದು. ಬಲಿಪಶು ಮೊದಲನೆಯದು! ಎರಡನೆಯದನ್ನೂ ಬೆಟ್ಟದ ಅಂಚಿನಿಂದ ತಳ್ಳುವ ರೂಢಿ ಮುಂದಿನ ಕಾಲದಲ್ಲಿ ಬಂತು, ಆದರೆ ಹೆಸರು ಹುಟ್ಟಿದ್ದು ಅಟ್ಟಿದ ಹೋತದಿಂದ.

ಈ ಪದವನ್ನು ಕಟ್ಟಿದವನು ಒಬ್ಬ ಅನುವಾದಕ, ವಿಲಿಯಂ ಟಿಂಡೇಲ್. 1530ರಲ್ಲಿ ಅಚ್ಚಾದ ಅವನ ಅನುವಾದದಲ್ಲಿ ಇದು ಬರುತ್ತದೆ. ಹೀಬ್ರೂ ಮೂಲದಲ್ಲಿ ಇರುವುದು ‘ಅಜಾಜೇಲ್’. ಅದನ್ನು ‘ಏಜ್ ಓಜೇಲ್’ ಅಂತ ಎರಡಾಗಿ ಒಡೆದರೆ ‘ಹೊರಟುಹೋಗುವ ಮೇಕೆ’ ಎಂದಾಗುತ್ತದೆ. ಹಳೆಯ ಲ್ಯಾಟಿನ್ ಅನುವಾದವೂ ‘ಕಳಿಸಿದ ಹೋತ’ ಅಂತಲೇ ಅರ್ಥ ಮಾಡಿಕೊಂಡಿತ್ತು. ಅಜಾಜೇಲ್ ಮರುಭೂಮಿಯ ಒಂದು ದೆವ್ವದ ಹೆಸರು ಅಂತ ಇವತ್ತು ಹಲವು ವಿದ್ವಾಂಸರು ಹೇಳುತ್ತಾರೆ. ಹಾಗಾದರೆ ಇಷ್ಟು ಗಟ್ಟಿ ಪದ ಹುಟ್ಟಿದ್ದು ಒಂದು ತಪ್ಪು ಓದಿನಿಂದ. ಬೈಬಲನ್ನು ಇಂಗ್ಲಿಷಿಗೆ ತಂದ ಟಿಂಡೇಲನನ್ನು 1536ರಲ್ಲಿ ಧರ್ಮದ್ರೋಹಿ ಎಂದು ಕುತ್ತಿಗೆ ಬಿಗಿದು ಕೊಂದು ಸುಟ್ಟರು. ಒಂದೊಂದು ಪದಕ್ಕೆ ತಡಕಾಡುವಾಗ ನನಗೆ ಅವನು ನೆನಪಾಗುತ್ತಾನೆ. ಅವನ ಪದ 1611ರ ಕಿಂಗ್ ಜೇಮ್ಸ್ ಬೈಬಲಿಗೂ ಬಂತು.

ಬೇರೆಯವರ ತಪ್ಪು ಹೊತ್ತ ಮನುಷ್ಯನಿಗೂ ಈ ಪದ ಸಲ್ಲತೊಡಗಿದ್ದು 19ನೇ ಶತಮಾನದಲ್ಲಿ. 20ನೆಯದರಲ್ಲಿ ಇದು ಕ್ರಿಯಾಪದವೂ ಆಯಿತು. ಸ್ಕೇಪ್‌ಗೋಟಿಂಗ್ ಅಂತ ಈಗ ಜಾಸ್ತಿ ಕೇಳುತ್ತೇವೆ.

ಕನ್ನಡದಲ್ಲಿ ‘ಹರಕೆಯ ಕುರಿ’ ಅಂತಲೂ ಬರೆಯುವವರಿದ್ದಾರೆ. ಹಬ್ಬಕ್ಕೆ ತಂದ ಹರಕೆಯ ಕುರಿ ತೋರಣದ ತಳಿರನ್ನೇ ಮೇಯುವ ಚಿತ್ರ ಬಸವಣ್ಣನವರ ವಚನದಲ್ಲಿದೆ. ತನ್ನನ್ನು ಕೊಲ್ಲುತ್ತಾರೆಂದು ಆ ಕುರಿಗೆ ಗೊತ್ತಿಲ್ಲ. ಅಲ್ಲಿರುವುದು ಸಾವಿನ ಅರಿವಿಲ್ಲದ ಜೀವ, ಯಾರ ಪಾಪವೂ ಅದರ ಮೇಲಿಲ್ಲ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಅಟ್ಟುವುದಿಲ್ಲ. ಮಾರಿಯನ್ನು ಊರ ಗಡಿ ದಾಟಿಸುವ ನಮ್ಮ ಹಳ್ಳಿಗಳ ಆಚರಣೆಯಲ್ಲಿ ಅಟ್ಟುವುದಿದೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಸರಿ ಹೊಂದುವುದು ‘ತಲೆಗೆ ಕಟ್ಟು’. ಯಾಜಕ ಕೈ ಇಟ್ಟದ್ದೂ ತಲೆಯ ಮೇಲೇ.

ಹಾಗಂತ ‘ಬಲಿಪಶು’ ಅನ್ನುವ ಪದವನ್ನು ಎಲ್ಲ ಕಡೆ ಹೊಡೆದು ಹಾಕಬೇಕಿಲ್ಲ. 14ನೇ ಶತಮಾನದಲ್ಲಿ ಯುರೋಪಿಗೆ ಪ್ಲೇಗ್ ಬಂದಾಗ, ಯೆಹೂದ್ಯರು ಬಾವಿಗೆ ವಿಷ ಹಾಕಿದ್ದಾರೆಂದು ಸುಳ್ಳು ಹಬ್ಬಿಸಿದರು. ಸ್ಟ್ರಾಸ್‌ಬರ್ಗ್‌ನಲ್ಲಿ 1349ರ ಫೆಬ್ರುವರಿಯಲ್ಲಿ ನೂರಾರು ಜನರನ್ನು ಸುಟ್ಟರು. ಆ ಹೋತದ ಕಥೆ ಯಾರ ಗ್ರಂಥದ್ದೋ ಅದೇ ಜನ. ಅಲ್ಲಿ ತಪ್ಪು ತಲೆಗೆ ಕಟ್ಟಿದ್ದೂ ನಿಜ, ಬಲಿಯೂ ನಿಜ. ಅನುವಾದಕರು ಎರಡನ್ನೂ ಹೇಳಲೇಬೇಕು.

ಗುಮಾಸ್ತರ ವರದಿಯಲ್ಲಿ ಕೊನೆಗೆ ಹೀಗೆ ಬರೆದೆ: ‘ಮೇಲಿನವರ ತಪ್ಪನ್ನು ಇವರ ತಲೆಗೆ ಕಟ್ಟಿ ವರ್ಗ ಮಾಡಲಾಗಿದೆ.’ ಅವರು ಎರಡು ಸಲ ಓದಿದರು. “ಇದು ಸರಿ” ಅಂದರು.