ಪಕ್ಕದ ಬ್ರಿಟನ್ನಿನ ರೈಲು ಐರ್ಲೆಂಡಿನಲ್ಲಿ ಯಾಕೆ ಓಡಲ್ಲ?

ಓದುಗರ ಪ್ರಶ್ನೆ: ಐರ್ಲೆಂಡ್ ಹೊಸ ರೈಲುಗಳಿಗೆ ಆರ್ಡರ್ ಕೊಟ್ಟು ವರ್ಷಗಟ್ಟಲೆ ಕಾಯುತ್ತದೆ. ಬ್ರಿಟನ್ ಅಷ್ಟು ಹತ್ತಿರ ಇದೆ. ಅಲ್ಲಿ ಓಡಿಸಿ ಬಿಟ್ಟ ಗಾಡಿಗಳನ್ನು ತಂದುಕೊಂಡರೆ ಆಗಲ್ವಾ?

ಉತ್ತರ: ಹಾಗೇ ತಂದರೆ ಅವು ಅಲ್ಲಿನ ಹಳಿ ಮೇಲೆ ಕೂರುವುದೇ ಇಲ್ಲ. ಬ್ರಿಟನ್ನಿನಲ್ಲಿ ಎರಡು ಹಳಿಗಳ ನಡುವಿನ ಅಂತರ 1435 ಮಿ.ಮೀ. ಐರ್ಲೆಂಡಿನಲ್ಲಿ 1600. ವ್ಯತ್ಯಾಸ ಬರೀ 165 ಮಿ.ಮೀ., ಒಂದು ಗೇಣಿಗೂ ಕಡಿಮೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಆದ್ದರಿಂದ ನಮ್ಮ ಗಾಡಿಗೂ ಅಲ್ಲಿ ಜಾಗವಿಲ್ಲ.

ಈ 1600 ಎಲ್ಲಿಂದ ಬಂತು? ಶುರುವಿನಲ್ಲಿ ಅಲ್ಲಿನ ಒಂದೊಂದು ಕಂಪನಿ ಒಂದೊಂದು ಅಳತೆ ಹಿಡಿದಿತ್ತು. 1834ರ ಡಬ್ಲಿನ್–ಕಿಂಗ್ಸ್‌ಟೌನ್ ಮಾರ್ಗ ಬ್ರಿಟನ್ನಿನ ಅಳತೆಯಲ್ಲೇ ಇತ್ತು. 1839ರಲ್ಲಿ ಬೆಲ್‌ಫಾಸ್ಟ್‌ನಿಂದ ಹೊರಟ ಅಲ್ಸ್ಟರ್ ರೈಲ್ವೆಯದು 6 ಅಡಿ 2 ಇಂಚು. ಹೀಗಿದ್ದರೆ ಮಾರ್ಗಗಳು ಎಂದೂ ಕೂಡುವುದಿಲ್ಲ ಎಂದು ಸರ್ಕಾರ ನಡುವೆ ಬಂತು. 5 ಅಡಿ 3 ಇಂಚು, ಅಂದರೆ ಈ 1600 ಮಿ.ಮೀ., ಅಂತ ತೀರ್ಮಾನವಾಯಿತು. 1846ರ ಕಾನೂನು ಅದನ್ನು ಗಟ್ಟಿ ಮಾಡಿತು. ಜಗಳವೇನೋ ಮುಗಿಯಿತು, ಆದರೆ ಪಕ್ಕದ ಮನೆಯ ಗಾಡಿ ಶಾಶ್ವತವಾಗಿ ದೂರವಾಯಿತು.

ಬೋಗಿಗಳಾದರೆ ಹೇಗೋ ಆಗುತ್ತದೆ. ಕೆಳಗಿನ ಚಕ್ರದ ಕಟ್ಟನ್ನು ಬದಲಿಸಿದರೆ ಸಾಕು. ಬ್ರಿಟನ್ನಿನ ಹಳೆಯ ಬೋಗಿಗಳು ಹೀಗೆ ಐರ್ಲೆಂಡಿಗೆ ಬಂದದ್ದುಂಟು. ಎಂಜಿನ್, ಎಲೆಕ್ಟ್ರಿಕ್ ರೈಲುಗಳ ಮಾತೇ ಬೇರೆ. ಚಕ್ರದ ನಡುವೆಯೇ ಮೋಟಾರು, ಗೇರು ಎಲ್ಲ ಇರುತ್ತವೆ. ಅದಕ್ಕೇ ಅವನ್ನು ಐರ್ಲೆಂಡಿಗೆಂದೇ ಮಾಡಿಸುವುದು ಜಾಸ್ತಿ. 1994ರಲ್ಲಿ 201 ನಂಬರಿನ ಡೀಸೆಲ್ ಎಂಜಿನ್ ಕೆನಡಾದಿಂದ ವಿಮಾನದಲ್ಲಿ ಬಂತು! ನೂರು ಟನ್ನಿಗೂ ಮೇಲಿನ ಎಂಜಿನ್ ಅದು. ಈಗ ಡಬ್ಲಿನ್ನಿನ ಡಾರ್ಟ್, ಅಂದರೆ ಅಲ್ಲಿನ ಎಲೆಕ್ಟ್ರಿಕ್ ಲೋಕಲ್ ರೈಲುಗಳ ಸರದಿ. 2021ರಲ್ಲಿ ಆಲ್‌ಸ್ಟಾಮ್ ಕಂಪನಿಯ ಜೊತೆ ಹತ್ತು ವರ್ಷಗಳಲ್ಲಿ 750 ಬೋಗಿಗಳವರೆಗೆ ಕೊಳ್ಳಬಹುದಾದ ಒಪ್ಪಂದವಾಯಿತು. ಮೊದಲ ಕಂತು 95 ಬೋಗಿ, ಅದರಲ್ಲಿ 65 ಬ್ಯಾಟರಿಯಲ್ಲೂ ಓಡುವಂಥವು. ವಿದ್ಯುತ್ ತಂತಿ ಮಾಲಹೈಡ್‌ಗೇ ಮುಗಿಯುತ್ತದೆ. ಅಲ್ಲಿಂದ ದ್ರೋಹೆಡಾಕ್ಕೆ ಹೋಗಲು ಬ್ಯಾಟರಿ.

ಹಳೆಯ ಎಂಜಿನ್‌ಗಳ ಕಥೆಯೂ ಇದೇ ಅಂತರಕ್ಕೆ ಕಟ್ಟಿಕೊಂಡಿದೆ, ನನ್ನ ಮನಸ್ಸು ಹೆಚ್ಚು ನಿಲ್ಲುವುದು ಅಲ್ಲೇ. ಒಂದು ಮಾದರಿಯ ಕೊನೆಯ ಎಂಜಿನ್ ಗುಜರಿಗೆ ಹೋಯಿತು ಅಂದರೆ, ಬೇರೆ ದೇಶದಿಂದ ಅಂಥದ್ದನ್ನು ತಂದು ಓಡಿಸೋಣ ಅನ್ನುವಂತಿಲ್ಲ. 1964ರಲ್ಲಿ ಹುಟ್ಟಿದ, ಹಳೆಯ ರೈಲುಗಳನ್ನು ಕಾಪಾಡುವ ರೈಲ್ವೇ ಪ್ರಿಸರ್ವೇಶನ್ ಸೊಸೈಟಿ ಆಫ್ ಐರ್ಲೆಂಡ್ ಇದನ್ನು ಚೆನ್ನಾಗಿ ಅರಿತಿದೆ. ಅವರ ಬಳಿ ಇರುವ 4ನೇ ನಂಬರಿನ ಉಗಿ ಎಂಜಿನ್ ನೋಡಿ. 1947ರಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಐರಿಶ್ ಹಳಿಗೆಂದೇ ಮಾಡಿದ್ದು. ಪ್ರೀತಿಯ ಹೆಸರು 'ಜೀಪ್'. ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ 1968ರಲ್ಲೇ ಉಗಿ ನಿಂತರೂ, ಉತ್ತರ ಐರ್ಲೆಂಡಿನಲ್ಲಿ ಜೀಪ್‌ಗಳು 1970ರವರೆಗೆ ಕಲ್ಲುಮಣ್ಣಿನ ರೈಲು ಎಳೆದವು. ಇದ್ದದ್ದು 18, ಉಳಿದದ್ದು ಇದೊಂದೇ.

ಅದರ ಅಕ್ಕನಂತಿದ್ದ ಡಬ್ಲ್ಯೂ ಮಾದರಿಯ ಮೊಗಲ್ (ಮುಂದೆ ಎರಡು ಸಣ್ಣ ಚಕ್ರ, ಹಿಂದೆ ಆರು ದೊಡ್ಡ ಚಕ್ರ ಇರುವ ಉಗಿ) ಎಂಜಿನ್‌ಗಳದ್ದು ಇನ್ನೂ ಸಂಕಟದ ಕಥೆ. ಒಂದೂ ಉಳಿಯಲಿಲ್ಲ. ಅದಕ್ಕೇ ಸೊಸೈಟಿಯವರು 105 ನಂಬರಿನ ಮೊಗಲ್ ಒಂದನ್ನು ಹೊಸದಾಗಿಯೇ ಕಟ್ಟಲು ಕೈ ಹಾಕಿದ್ದಾರೆ. ಜೀಪ್ ಆ ಮೊಗಲ್‌ನದೇ ಇನ್ನೊಂದು ರೂಪ. ಎರಡಕ್ಕೂ ಹೊಂದುವ ಭಾಗಗಳಿರುವುದರಿಂದಲೇ ಇಂಥ ಸಾಹಸ ಸಾಧ್ಯ. ಉಳಿದ ಒಂದು ಎಂಜಿನ್, ಅಳಿದ ಇನ್ನೊಂದನ್ನು ಮತ್ತೆ ಕಟ್ಟಲು ನೆರವಾಗುತ್ತಿದೆ ಅಲ್ವಾ? ನನಗಂತೂ ಇದು ತುಂಬಾ ಹಿಡಿಸಿತು.

ಡಬ್ಲಿನ್ ಕಡೆ ಇರುವ ಕನ್ನಡಿಗರು ಬೆಲ್‌ಫಾಸ್ಟ್‌ಗೆ ಹೋದಾಗ, ಅಲ್ಲಿಂದ ಲೋಕಲ್ ರೈಲಿನಲ್ಲೇ ವೈಟ್‌ಹೆಡ್‌ಗೆ ಹೋಗಿ ಸೊಸೈಟಿಯ ಮ್ಯೂಸಿಯಂ ನೋಡಬಹುದು. ಕಾರ್ಕ್‌ಗೆ ಹೋದರೆ ಇನ್ನೂ ಸುಲಭ. ಕೆಂಟ್ ನಿಲ್ದಾಣದಲ್ಲಿ 1840ರ ದಶಕದ 36ನೇ ನಂಬರಿನ ಎಂಜಿನ್ ಅಲ್ಲೇ ನಿಂತಿದೆ. ರೈಲು ಇಳಿದವರು ಅದರ ಪಕ್ಕದಲ್ಲೇ ಹೊರಗೆ ಹೋಗಬಹುದು.