ಹುಟ್ಟಿದ ತಾರೀಖನ್ನು ತಿದ್ದಿಸಬೇಡಿ

ವಿದೇಶಿಯರ ಕುರಿತು ದಿಲ್ಲಿಯಿಂದ ಹೊಸ ಆದೇಶವೇನಾದರೂ ಹೊರಟರೆ, ಮುಂಡಗೋಡದ ಟಿಬೆಟನ್ ಕುಟುಂಬಗಳು ಧಾರವಾಡದ ನಮ್ಮ ಕಚೇರಿಗೆ ಬರತೊಡಗುತ್ತವೆ. 2025ರ ಸೆಪ್ಟೆಂಬರ್ 1ರಂದು ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಾಗಿ 1946ರ ವಿದೇಶಿಯರ ಕಾಯ್ದೆ ರದ್ದಾದ ಮೇಲಂತೂ ಎಲ್ಲರದೂ ಒಂದೇ ಪ್ರಶ್ನೆ: “ಇನ್ಮ್ಯಾಲೆ ನಮ್ಮ ಆರ್‌ಸಿ ನಡೀತೈತೇನ್ರಿ, ವಕೀಲರ?” ಆರ್‌ಸಿ ಎಂದರೆ ವಿದೇಶಿಯರೆಂದು ಸರ್ಕಾರ ಅವರಿಗೆ ಕೊಡುವ ನೋಂದಣಿ ಪ್ರಮಾಣಪತ್ರ. ಈ ಭಯ ಸಹಜವಾದದ್ದು. ಭಾರತವು ನಿರಾಶ್ರಿತರ ಕುರಿತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯೂ ಇಲ್ಲ. 1966ರಿಂದ ಇಲ್ಲಿ ನೆಲೆಸಿರುವ ಈ ಜನ ಸರ್ಕಾರದ ನೀತಿಯನ್ನೇ ನಂಬಿ ಬದುಕುತ್ತಿದ್ದಾರೆ. ಆರ್‌ಸಿಯನ್ನು ಕಾಲಕಾಲಕ್ಕೆ ನವೀಕರಿಸಿಕೊಂಡು ಬಂದವರು ಸದ್ಯಕ್ಕೆ ಗಾಬರಿಯಾಗಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ನನ್ನ ಸಹನೆ ಕೆಡಿಸುವುದು ಈ ಭಯದ ಬೆನ್ನಿಗೇ ಬರುವ ಇನ್ನೊಂದು ಬೇಡಿಕೆ. ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರುವ ಒಬ್ಬ ಹೆಣ್ಣುಮಗಳು ತನ್ನ ತಮ್ಮನ ಶಾಲಾ ದಾಖಲೆಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿದ್ದ ಜನ್ಮವರ್ಷ 1988. ಏಜೆಂಟನೊಬ್ಬ ಅದನ್ನು 1986 ಎಂದು ಮಾಡಿಸಿಕೊಟ್ಟು ಪಾಸ್‌ಪೋರ್ಟನ್ನೂ ಕೊಡಿಸುವುದಾಗಿ ಹೇಳಿದ್ದನಂತೆ.

1955ರ ಪೌರತ್ವ ಕಾಯ್ದೆಯ 3ನೇ ಕಲಮಿನ ಪ್ರಕಾರ, 1950ರ ಜನವರಿ 26ರಿಂದ 1987ರ ಜುಲೈ 1ಕ್ಕಿಂತ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು, ಅವರ ತಂದೆತಾಯಿ ಯಾವ ದೇಶದವರಾಗಿದ್ದರೂ, ಸಾಮಾನ್ಯವಾಗಿ ಹುಟ್ಟಿನಿಂದಲೇ ಭಾರತೀಯರು. ದಿಲ್ಲಿ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ತೀರ್ಪು ನೀಡಿವೆ. ಈ ಪೌರತ್ವವನ್ನು ಯಾವ ಅಧಿಕಾರಿಯೂ ಮಂಜೂರು ಮಾಡುವುದಿಲ್ಲ. ಅದು ಹುಟ್ಟಿದ ದಿನವೇ ಬಂದದ್ದು, ಕಾಗದಪತ್ರಗಳು ಅದಕ್ಕೆ ಸಾಕ್ಷಿ ಮಾತ್ರ. ಹೊಸ ಕಾಯ್ದೆಯಿಂದ ಅದು ಹೋಗುವುದೂ ಇಲ್ಲ, ಕೈಯಲ್ಲಿ ಆಧಾರ್ ಕಾರ್ಡ್ ಇದೆಯೆಂದು ಇಲ್ಲದ ಪೌರತ್ವ ಬರುವುದೂ ಇಲ್ಲ.

ಹಾಗಾಗಿ ಒಂದೇ ಮನೆಯಲ್ಲಿ 1985ರಲ್ಲಿ ಮುಂಡಗೋಡದಲ್ಲಿ ಹುಟ್ಟಿದ ಅಕ್ಕ ಭಾರತೀಯಳಾಗುತ್ತಾಳೆ, ತಂದೆತಾಯಿ ಇಬ್ಬರೂ ವಿದೇಶಿಯರಾದ ಕಾರಣ 1988ರ ತಮ್ಮ ಆಗುವುದಿಲ್ಲ. ಆ ಅಕ್ಕನಿಗೆ 2010ರಲ್ಲಿ ಹುಟ್ಟಿದ ಮಗಳಾದರೆ, ತಂದೆ ಅಕ್ರಮ ವಲಸಿಗನಲ್ಲದಿದ್ದಲ್ಲಿ, ಮತ್ತೆ ಭಾರತೀಯಳು. ತಂದೆಯ ಕುರಿತ ಈ ಷರತ್ತು ಏಕೆಂದರೆ, 2004ರ ಡಿಸೆಂಬರ್ 3ರಿಂದೀಚೆಗೆ ಹುಟ್ಟಿದವರಿಗೆ ಬೇರೆಯೇ ನಿಯಮವಿದೆ. ಕಾನೂನು ಒಡಹುಟ್ಟಿದವರನ್ನು ಹೀಗೆ ಬೇರ್ಪಡಿಸುವುದು ನನಗೂ ನೋವಿನ ಸಂಗತಿಯೇ. ಆದರೆ ತಾರೀಖು ತಿದ್ದಿಸುವುದು ಅದಕ್ಕೆ ಪರಿಹಾರವಲ್ಲ. ವಂಚನೆಯಿಂದ ಪಡೆದ ಪಾಸ್‌ಪೋರ್ಟನ್ನು ತಿಳಿದೂ ಬಳಸಿ ದೇಶದೊಳಗೆ ಬಂದರೆ, ಇಲ್ಲಿ ಉಳಿದರೆ ಅಥವಾ ಹೊರಗೆ ಹೋದರೆ ಹೊಸ ಕಾಯ್ದೆಯಲ್ಲಿ 2ರಿಂದ 7 ವರ್ಷಗಳ ಸೆರೆವಾಸವಿದೆ, ಮೇಲೆ ಕನಿಷ್ಠ 1 ಲಕ್ಷ ರೂಪಾಯಿ ದಂಡವಿದೆ. ಆರ್‌ಸಿಯ ಮೇಲೆ ನಿಶ್ಚಿಂತೆಯಿಂದ ಇದ್ದ ತಮ್ಮ ಆಗ ಆರೋಪಿಯಾಗುತ್ತಾನೆ.

ಅಕ್ಕನೂ ಅವಸರ ಮಾಡಬಾರದು. ವಿದೇಶಾಂಗ ಸಚಿವಾಲಯವು 2017ರಲ್ಲಿ ಇಂಥವರಿಗೆ ಪಾಸ್‌ಪೋರ್ಟ್ ಕೊಡಲು ಒಪ್ಪಿತಾದರೂ, ಆರ್‌ಸಿ ಹಿಂದಿರುಗಿಸಬೇಕು, ಟಿಬೆಟನ್ ಶಿಬಿರದ ವಾಸ ಮತ್ತು ಸೌಲಭ್ಯಗಳನ್ನು ಬಿಡಬೇಕು ಎಂಬ ಷರತ್ತುಗಳನ್ನು ಹಾಕಿತು. ವಯಸ್ಸಾದ ತಂದೆತಾಯಿ ಶಿಬಿರದ ಮನೆಯಲ್ಲಿರುವಾಗ ಇದು ಸಣ್ಣ ನಿರ್ಧಾರವಲ್ಲ. ಅರ್ಜಿ ಹಾಕುವ ಮುಂಚೆ ಈಗ ಯಾವ ಷರತ್ತು ಜಾರಿಯಲ್ಲಿದೆ ಎಂದು ಪ್ರತಿಯೊಬ್ಬರೂ ತಮ್ಮ ಪ್ರಕರಣದ ಮಟ್ಟಿಗೆ ವಿಚಾರಿಸಿಕೊಳ್ಳಬೇಕು.

ವಕೀಲರ ಬಳಿ ಹೋಗುವಾಗ ಜನನ ದಾಖಲೆ, ಶಾಲೆಯ ದಾಖಲೆ, ತಂದೆತಾಯಿಯ ಆರ್‌ಸಿ ಮೂರನ್ನೂ ಮೂಲಪ್ರತಿಯಲ್ಲೇ ಒಯ್ಯಿರಿ. ಅವುಗಳಲ್ಲಿ ತಾರೀಖುಗಳು ಹೊಂದದಿದ್ದರೆ ಹೊಂದದಂತೆಯೇ ತೋರಿಸಿ. ಅಂಥ ವ್ಯತ್ಯಾಸವನ್ನು ನ್ಯಾಯಾಲಯಕ್ಕೆ ವಿವರಿಸಲು ದಾರಿಗಳಿವೆ.