ಹುಣಸೆಹುಳಿ ಬೀಳುವ ಕಟ್ಟೆಗೆ ಟ್ರಾವರ್ಟೈನ್ ಹಾಕಿಸಬಹುದಾ?

ಓದುಗರ ಪ್ರಶ್ನೆ: ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪ್ಲಾಸ್ಟರಿಂಗ್ ಮುಗಿದಿದೆ, ಇನ್ನು ಕಲ್ಲಿನ ಕೆಲಸ. ಮಗಳು ಫೋನಿನಲ್ಲಿ ಫೋಟೊ ತೋರಿಸಿ ಹಾಲು, ಬಾತ್‌ರೂಮು, ಅಡುಗೆ ಕಟ್ಟೆ ಎಲ್ಲಕ್ಕೂ ಟ್ರಾವರ್ಟೈನೇ ಬೇಕು ಅಂತಿದ್ದಾಳೆ. ಮೇಸ್ತ್ರಿ, ‘ಗ್ರಾನೈಟ್ ಹಾಕಿಸಿ ಸಾರ್, ಸುಮ್ನೆ ತಲೆನೋವು ಯಾಕೆ’ ಅಂತಾನೆ. ಅಂಗಡಿಯವರನ್ನು ಕೇಳಿದರೆ, ರೋಮಿನ ಕೊಲೋಸಿಯಂ ಇದೇ ಕಲ್ಲಿನದ್ದು, ಎರಡು ಸಾವಿರ ವರ್ಷ ನಿಂತಿದೆ ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ಅಡುಗೆ ಕಟ್ಟೆಯ ವಿಷಯದಲ್ಲಿ ಮೇಸ್ತ್ರಿ ಮಾತು ಕೇಳಿ. ಹಾಲಿನ ಗೋಡೆಯ ವಿಷಯದಲ್ಲಿ ಮಗಳ ಮಾತು ಕೇಳಿ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಕೊಲೋಸಿಯಂ ಮೇಲೆ ಯಾರೂ ಹುಣಸೆಹಣ್ಣು ಕಿವುಚಲಿಲ್ಲ.

ಇದು ಎಂಥ ಕಲ್ಲು ಅಂತ ತಿಳಿಯಲು ಇಟಲಿವರೆಗೆ ಹೋಗಬೇಕಿಲ್ಲ. ಬೋರ್‌ವೆಲ್ ನೀರು ಬಳಸುವ ಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಬೆಳ್ಳಗೆ, ಒರಟಾಗಿ ಸುಣ್ಣದ ಪದರ ಕಟ್ಟಿರುತ್ತದಲ್ಲ? ಟ್ರಾವರ್ಟೈನ್ ಅದರ ದೊಡ್ಡಣ್ಣ. ನೆಲದಡಿಯ ನೀರು ಸುಣ್ಣದ ಕಲ್ಲನ್ನು ಕರಗಿಸಿಕೊಂಡು ಬಿಸಿನೀರಿನ ಬುಗ್ಗೆಯಾಗಿ ಮೇಲೆ ಬರುತ್ತದೆ. ಮೇಲೆ ಬಂದ ಕೂಡಲೇ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್, ಸೋಡಾ ಬಾಟಲಿ ಮುಚ್ಚಳ ತೆಗೆದಾಗ ಆಗುವ ಹಾಗೆ, ಹೊರಗೆ ಹೋಗುತ್ತದೆ. ಆಗ ಕರಗಿದ್ದ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಪದರ ಪದರವಾಗಿ ಕೂರುತ್ತದೆ. ಗಾಳಿಯ ಗುಳ್ಳೆ ಇದ್ದ ಕಡೆ, ಪಾಚಿ, ಹುಲ್ಲು ಸಿಕ್ಕಿಕೊಂಡು ಕೊಳೆತ ಕಡೆ ತೂತು ಉಳಿಯುತ್ತದೆ. ನಿಮ್ಮ ಮಗಳಿಗೆ ಇಷ್ಟವಾಗಿರುವ ಆ ಪಟ್ಟೆ ಪಟ್ಟೆ ಗೆರೆ, ಸಣ್ಣ ಸಣ್ಣ ಕುಳಿ ಎಲ್ಲ ಹೀಗೆ ಆದದ್ದು.

ರೋಮಿನಿಂದ ಸುಮಾರು 30 ಕಿಲೋಮೀಟರ್ ದೂರದ ತಿವೊಲಿಯ ಹಳೆಯ ಹೆಸರು ತಿಬುರ್. ‘ತಿಬುರಿನ ಕಲ್ಲು’ ಎಂಬ ಲ್ಯಾಟಿನ್ ಮಾತೇ ಬಾಯಿಂದ ಬಾಯಿಗೆ ಸವೆದು ಟ್ರಾವರ್ಟೈನ್ ಆಗಿದೆ. ಕೊಲೋಸಿಯಂಗೆ ಸುಮಾರು ಒಂದು ಲಕ್ಷ ಘನ ಮೀಟರ್ ಕಲ್ಲು ಅಲ್ಲಿಂದ ಬಂತು. ಲಾಸ್ ಏಂಜಲೀಸಿನಲ್ಲಿ 1997ರಲ್ಲಿ ತೆರೆದ ಗೆಟ್ಟಿ ಸೆಂಟರ್ ಎಂಬ ಮ್ಯೂಸಿಯಂಗೂ ಅಲ್ಲಿಯದೇ ಕಲ್ಲು, ಸುಮಾರು 16 ಸಾವಿರ ಟನ್ನು. ಟರ್ಕಿಯ ಪಮುಕ್ಕಲೆಯ ಬಿಳಿ ಮೆಟ್ಟಿಲುಗಳ ಫೋಟೊ ನೋಡಿರುತ್ತೀರಿ. ಅಲ್ಲಿ ಈ ಕಲ್ಲು ಇವತ್ತಿಗೂ ಹುಟ್ಟುತ್ತಿದೆ. ಟ್ರಾವರ್ಟೈನ್ ಭೂಮಿಯ ಲೆಕ್ಕದಲ್ಲಿ ಎಳೆಗೂಸು. ತಿವೊಲಿಯದ್ದು ಒಂದೆರಡು ಲಕ್ಷ ವರ್ಷದ ಒಳಗಿನದು. ನಮ್ಮ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ!

ಈಗ ನಿಮ್ಮ ಅಡುಗೆಮನೆಗೆ ಬರೋಣ. ಪಾತ್ರೆಯ ತಳದ ಆ ಸುಣ್ಣ ತೆಗೆಯಲು ಅಮ್ಮಂದಿರು ಏನು ಹಾಕಿ ಉಜ್ಜುತ್ತಿದ್ದರು? ಹುಣಸೆಹಣ್ಣು, ಇಲ್ಲ ನಿಂಬೆಹಣ್ಣಿನ ಸಿಪ್ಪೆ. ಹುಳಿ ಸುಣ್ಣವನ್ನು ತಿನ್ನುತ್ತದೆ. ಪಾತ್ರೆಯಲ್ಲಿ ಬೇಕಾದ ಕೆಲಸವೇ ಕಟ್ಟೆಯ ಮೇಲೆ ಬೇಡದ ಕೆಲಸ. ಸಾರಿಗೆ ಹುಣಸೆರಸ, ಚಿತ್ರಾನ್ನಕ್ಕೆ ನಿಂಬೆ, ಮಜ್ಜಿಗೆ, ಟೊಮ್ಯಾಟೊ, ಉಪ್ಪಿನಕಾಯಿ ಜಾಡಿಯ ತಳದಿಂದ ಇಳಿದ ರಸ — ಹುಳಿ ಸೋಕದ ಒಂದು ಹೊತ್ತಿನ ಅಡುಗೆಯಾದರೂ ನಮ್ಮಲ್ಲಿದೆಯಾ?

ನನ್ನ ಹತ್ತಿರ ಅಂಗೈ ಅಗಲದ ಟ್ರಾವರ್ಟೈನ್ ಸ್ಯಾಂಪಲ್ ಒಂದಿದೆ. ಒಂದು ಸಂಜೆ ಅದರ ಮೇಲೆ ಅರ್ಧ ಹೋಳು ನಿಂಬೆಯನ್ನು ಬೋರಲು ಹಾಕಿ ಇಟ್ಟೆ. ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ಹತ್ತು ನಿಮಿಷ ಬಿಟ್ಟು ಒರೆಸಿದೆ. ನೇರವಾಗಿ ನೋಡಿದರೆ ಏನೂ ಇಲ್ಲ. ಟ್ಯೂಬ್‌ಲೈಟ್ ಕಡೆಗೆ ಓರೆ ಹಿಡಿದರೆ ನಿಂಬೆಯ ಅಳತೆಯದೇ ಮಂಕಾದ ಒಂದು ಉಂಗುರ. ಉಗುರು ಆಡಿಸಿದರೆ ಅಲ್ಲಿ ಮಾತ್ರ ತರಿತರಿ. ಉಜ್ಜಿ ತೊಳೆದೆ, ಹೋಗಲಿಲ್ಲ. ಹೋಗುವುದೂ ಇಲ್ಲ, ಯಾಕಂದರೆ ಅದು ಅಂಟಿದ ಕಲೆಯಲ್ಲ, ಕಲ್ಲೇ ಅಷ್ಟು ಸವೆದಿದೆ.

ಇಲ್ಲೇ ಅಂಗಡಿಯವರು ‘ಸೀಲರ್ ಹೊಡೆಸಿದರೆ ಆಯ್ತು ಸಾರ್’ ಅನ್ನೋದು. ಇದು ಅರ್ಧ ಸತ್ಯ. ಕಲ್ಲಿನೊಳಗೆ ಇಳಿಯುವ ಸೀಲರ್, ಎಣ್ಣೆ ಮತ್ತು ಅರಿಶಿನ ಬೇಗ ಹೀರಿಕೊಳ್ಳದಂತೆ ತಡೆಯುತ್ತದೆ. ನಿಮಗೆ ಒರೆಸಲು ಒಂದಿಷ್ಟು ಸಮಯ ಸಿಗುತ್ತದೆ, ಅಷ್ಟೇ. ಮೇಲ್ಮೈ ತಿನ್ನುವ ಹುಳಿಯನ್ನು ಅದು ತಡೆಯುವುದಿಲ್ಲ. ಈ ವ್ಯತ್ಯಾಸ ಕೇಳಿ ತಿಳಿದುಕೊಳ್ಳದೆ ಹಣ ಕೊಟ್ಟು, ಆಮೇಲೆ ಜಗಳಕ್ಕೆ ಹೋದವರು ಸಾಕಷ್ಟು ಜನ.

ಮೆದುತನದ ಮಾತೂ ಇದೆ. ಕಲ್ಲುಗಳ ಗಟ್ಟಿತನ ಅಳೆಯುವ ಮೋಸ್ ಪಟ್ಟಿಯಲ್ಲಿ ಟ್ರಾವರ್ಟೈನಿನ ಖನಿಜ 3ನೇ ಮೆಟ್ಟಿಲಲ್ಲಿದೆ. ಗ್ರಾನೈಟಿನವು 6, 7. ಚಾಕುವಿನ ಉಕ್ಕು ಇವೆರಡರ ನಡುವೆ. ಅಂದರೆ ಚಾಕು ಗ್ರಾನೈಟಿನ ಮೇಲೆ ಜಾರುತ್ತದೆ, ಟ್ರಾವರ್ಟೈನನ್ನು ಗೀರುತ್ತದೆ.

ನಮ್ಮ ಹಿಂದಿನವರಿಗೆ ಮೋಸ್ ಪಟ್ಟಿ ಗೊತ್ತಿರಲಿಲ್ಲ, ಕಲ್ಲು ಗೊತ್ತಿತ್ತು. ಬೇಲೂರಿನ ಮದನಿಕೆಯರನ್ನು ಮೆತ್ತನೆಯ ಬಳಪದ ಕಲ್ಲಿನಲ್ಲಿ ಕಡೆದರು, ಒರಳಿಗೆ ಮಾತ್ರ ಕರಿಕಲ್ಲೇ ಬೇಕು ಅಂದರು. ಮಲೆನಾಡಿನ ಮನೆಗಳಲ್ಲಿ ಹುಳಿ ಪದಾರ್ಥ ಇಡಲು ಬಳಪದ ಕಲ್ಲಿನ ಮರಿಗೆ ಇರುತ್ತಿತ್ತು. ಅದು ಮೆತ್ತಗಿದ್ದರೂ ಹುಳಿಗೆ ಜಗ್ಗುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಟ್ರಾವರ್ಟೈನ್ ಕೆಟ್ಟದ್ದು ಅಂತಲ್ಲ. ನನಗಂತೂ ಇಷ್ಟ. ಹತ್ತು ವರ್ಷದಿಂದ ಎಲ್ಲ ಮನೆಗಳೂ ಬೂದು ಬಣ್ಣ, ಕನ್ನಡಿಯಂಥ ಬಿಳಿ ಟೈಲ್ಸು ಅಂತ ಆಸ್ಪತ್ರೆ ಕಾರಿಡಾರಿನ ಹಾಗೆ ಕಾಣುತ್ತಿದ್ದವು. ಈಗ ಗಾಳಿ ತಿರುಗಿದೆ. ಮಣ್ಣಿನ ಬಣ್ಣ, ಹೊಳಪಿಲ್ಲದ ಮೈ, ಕೈಗೆ ತಾಕುವ ಒರಟು ಬೇಕು ಅಂತಿದ್ದಾರೆ ಜನ. ಟ್ರಾವರ್ಟೈನ್ ಹೆಸರು ಮುಂದೆ ಬಂದದ್ದು ಅದಕ್ಕೇ. ಹುಳಿ, ಎಣ್ಣೆ, ಆಸಿಡ್ ಮೂರೂ ತಲುಪದ ಕಡೆ ಅದನ್ನು ಧಾರಾಳವಾಗಿ ಹಾಕಿಸಿ. ಟಿವಿ ಹಿಂದಿನ ಗೋಡೆ, ಮೆಟ್ಟಿಲ ಪಕ್ಕದ ಗೋಡೆ, ದೇವರಮನೆಯ ಹಿಂಗೋಡೆ. ದೇವರ ಪೀಠಕ್ಕೆ ಬೇಡ, ಅಲ್ಲಿ ದೀಪದ ಎಣ್ಣೆ, ಕುಂಕುಮ, ಪಂಚಾಮೃತ ಎಲ್ಲ ಬೀಳುತ್ತದೆ.

ಗೋಡೆಗೆ ಹಾಕುವಾಗ ತೂಕದ ಲೆಕ್ಕ ಮರೆಯಬೇಡಿ. 20 ಎಂಎಂ ದಪ್ಪದ ಕಲ್ಲು ಒಂದು ಚದರಡಿಗೆ ಸುಮಾರು ನಾಲ್ಕೂವರೆ ಕಿಲೋ ತೂಗುತ್ತದೆ. 8 ಅಡಿಗೆ 4 ಅಡಿಯ ಟಿವಿ ಗೋಡೆ ಅಂದರೆ ಹೆಚ್ಚುಕಡಿಮೆ 145 ಕಿಲೋ. ಬರೀ ಅಂಟು ನಂಬಿ ತಲೆಯ ಮೇಲಿನ ಎತ್ತರದಲ್ಲಿ ನಿಲ್ಲಿಸಬೇಡಿ, ಸ್ಟೀಲ್ ಕ್ಲ್ಯಾಂಪ್ ಹಾಕಿಸಿ. ಹಿಂದೆ ಮಾಮೂಲಿ ಸಿಮೆಂಟ್ ಬಳಿದರೆ ಬೂದು ಬಣ್ಣ ಈ ತಿಳಿ ಕಲ್ಲಿನಲ್ಲಿ ಮುಂದಕ್ಕೆ ಇಣುಕುತ್ತದೆ. ಬಿಳಿ ಅಂಟೇ ಆಗಬೇಕು ಅಂತ ಮೊದಲೇ ಹೇಳಿಬಿಡಿ.

ಹಾಲಿನ ನೆಲಕ್ಕೆ? ಹಾಕಿಸಬಹುದು, ಆದರೆ ತೂತು ತುಂಬಿದ, ಪಾಲಿಶ್ ಇಲ್ಲದ ಹೋನ್ಡ್ ಫಿನಿಶ್‌ನದ್ದು. ತೂತು ತುಂಬದ ಕಲ್ಲು ಫೋಟೊದಲ್ಲಿ ಚೆಂದ. ಮನೆಯಲ್ಲಿ ಪೊರಕೆಗೆ ಸಿಗದ ಧೂಳು, ಸಕ್ಕರೆ ಹರಳು, ಹಿಂದೆಯೇ ಇರುವೆ ಸಾಲು. ತುಂಬಿಸಿದ್ದೂ ಕುರ್ಚಿ ಕಾಲಿನ ಅಡಿ ಆಗಾಗ ಎದ್ದು ಬರುತ್ತದೆ, ಮತ್ತೆ ತುಂಬಿಸುತ್ತಿರಬೇಕು. ಬೀದಿಯ ಮರಳು ಚಪ್ಪಲಿಯಲ್ಲಿ ಒಳಗೆ ಬಂದರೆ ಗೀರು ಖಚಿತ. ಚಪ್ಪಲಿ ಹೊರಗೇ ಬಿಡುವ ನಮ್ಮ ಪದ್ಧತಿ ಇಲ್ಲಿ ಕೈಹಿಡಿಯುತ್ತದೆ.

ಬಾತ್‌ರೂಮ್ ಬಗ್ಗೆ ನಾನೇ ಮಾಡಿಕೊಂಡ ಯಡವಟ್ಟು ಹೇಳುತ್ತೇನೆ. ನಮ್ಮ ಮನೆಯ ವಾಶ್‌ಬೇಸಿನ್ ಸುತ್ತ ಬೀಜ್ ಬಣ್ಣದ ಮಾರ್ಬಲ್ ಇತ್ತು, ಅದೂ ಸುಣ್ಣದ ಜಾತಿಯ ಕಲ್ಲೇ. ನಲ್ಲಿಯ ಬುಡದಲ್ಲಿ ಉಪ್ಪುನೀರಿನ ಬಿಳಿ ಕಟ್ಟಿತ್ತು. ಭಾನುವಾರ ಉತ್ಸಾಹದಲ್ಲಿ ಬಾತ್‌ರೂಮಿನ ಆಸಿಡ್ ಸುರಿದೆ. ಬುಸ್ ಅಂತ ನೊರೆ ಎದ್ದಿತು. ಕೊಳೆ ಹೋಗುತ್ತಿದೆ ಅಂತ ಖುಷಿಪಟ್ಟು ಇನ್ನಷ್ಟು ಸುರಿದೆ. ತೊಳೆದು ನೋಡಿದರೆ ಕಲ್ಲಿಗೆ ಸಿಡುಬು ಬಂದ ಹಾಗೆ ಆಗಿತ್ತು. ಹೆಂಡತಿ ಏನೂ ಅನ್ನಲಿಲ್ಲ, ಬರುವ ನೆಂಟರಿಗೆಲ್ಲ ಕರೆದುಕೊಂಡು ಹೋಗಿ ತೋರಿಸಿದಳು. ಮನೆಯಲ್ಲಿ ಆಸಿಡ್ ಬಾಟಲಿ ಇರುವವರೆಗೆ, ಬಾತ್‌ರೂಮ್ ತೊಳೆಯುವವರು ಬೇರೆಯವರಾಗಿರುವವರೆಗೆ, ಅಲ್ಲಿ ಈ ಕಲ್ಲು ಬೇಡ. ಟ್ರಾವರ್ಟೈನ್ ತರಹವೇ ಕಾಣುವ ಪೋರ್ಸಲೈನ್ ಟೈಲ್ಸ್ ಬಂದಿವೆ, ಬಾತ್‌ರೂಮಿಗೆ ಅವೇ ಸರಿ. ಕೊಳ್ಳುವಾಗ ನಾಲ್ಕೈದು ಟೈಲ್ಸ್ ಪಕ್ಕಪಕ್ಕ ಇಡಿಸಿ ನೋಡಿ. ಒಂದೇ ಗೆರೆ ಮತ್ತೆ ಮತ್ತೆ ಬಂದರೆ ಪ್ರಿಂಟು ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನು ಅಡುಗೆ ಕಟ್ಟೆ. ‘ಗ್ರಾನೈಟ್ ಹಳೇ ಫ್ಯಾಷನ್’ ಅಂತ ಮಗಳು ಅನ್ನುತ್ತಾಳೆ, ಅಲ್ವಾ? ಅವಳಿಗೆ ಬೇಡವಾಗಿರುವುದು ಬಹುಶಃ ಗ್ರಾನೈಟ್ ಅಲ್ಲ, ಅದರ ಕನ್ನಡಿ ಹೊಳಪು. ಅದೇ ಕಲ್ಲನ್ನು ಲೆದರ್ ಫಿನಿಶ್‌ನಲ್ಲಿ ಒಮ್ಮೆ ತೋರಿಸಿ. ಮಂದ ಮೈ, ಮುಟ್ಟಿದರೆ ಸಣ್ಣ ಏರಿಳಿತ, ಬೆರಳ ಗುರುತೂ ಎದ್ದು ಕಾಣುವುದಿಲ್ಲ. ಬೆಂಗಳೂರು ಪಕ್ಕದ ಜಿಗಣಿಯಲ್ಲಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಘಟಕಗಳ ಸಾಲೇ ಇದೆ. ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು ಹೊರದೇಶಕ್ಕೆ ಹೋಗುವ ಕಲ್ಲುಗಳು. ಅವನ್ನು ಬಿಟ್ಟು ನಾವು ಹೊರದೇಶದ ಮೆದು ಕಲ್ಲು ತರಿಸಿ, ಅದರ ಮೇಲೆ ತೆಂಗಿನಕಾಯಿ ಒಡೆಯಲು ಹೆದರುತ್ತೇವೆ!

ಕ್ವಾರ್ಟ್ಜ್ ಕಟ್ಟೆ ತೋರಿಸುವವರೂ ಇರುತ್ತಾರೆ. ಅದು ಕಲ್ಲಿನ ಪುಡಿಯನ್ನು ರೆಸಿನ್ ಎಂಬ ಪ್ಲಾಸ್ಟಿಕ್ ತರಹದ ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಹುಳಿಗೆ ಹೆದರುವುದಿಲ್ಲ, ಬೆಂಕಿಗೆ ಹೆದರುತ್ತದೆ. ಒಲೆಯಿಂದ ಇಳಿಸಿದ ಬಾಣಲೆ ನೇರ ಇಟ್ಟರೆ ರೆಸಿನ್ ಸುಟ್ಟು ಗುರುತು ಉಳಿಯಬಹುದು. ಅದನ್ನು ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಹೊಕ್ಕು ಸಿಲಿಕೋಸಿಸ್ ತರುತ್ತದೆ ಅಂತಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಹಲಗೆಗಳನ್ನು ನಿಷೇಧಿಸಿತು. ಗ್ರಾನೈಟಿನಲ್ಲೂ ಸಿಲಿಕಾ ಇದೆ. ನಿಮ್ಮ ಸೈಟಿನಲ್ಲಿ ಯಾವ ಕಲ್ಲು ಕೊಯ್ದರೂ ನೀರು ಬಿಟ್ಟುಕೊಂಡು ಕೊಯ್ಯಲಿ, ಹುಡುಗರಿಗೆ ಒಳ್ಳೆಯ ಮಾಸ್ಕ್ ಕೊಡಿಸಿ. ಒಂದು ಟೀ ಖರ್ಚು ಉಳಿಸಲು ಹೋಗುವ ಜಾಗ ಅಲ್ಲ ಅದು.

ಟ್ರಾವರ್ಟೈನಿನ ಬಣ್ಣ ಬೇಕು, ಬೆಲೆ ಬೇಡ ಅನ್ನುವುದಾದರೆ ತಾಂಡೂರಿನ ಹಳದಿ ಕಲ್ಲು, ಜೈಸಲ್ಮೇರ್ ಹಳದಿ ನೋಡಿ. ಬೂದು ಛಾಯೆ ಸಾಕಾದರೆ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಇದ್ದೇ ಇದೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ನೆಲ ಅದೇ. ಇವೆಲ್ಲ ಸುಣ್ಣದ ಕಲ್ಲುಗಳೇ ಅನ್ನುವುದು ನೆನಪಿರಲಿ, ಶಹಾಬಾದ್, ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದೂ ಅದೇ ಕಾರಣಕ್ಕೆ. ಟ್ರಾವರ್ಟೈನಿನಷ್ಟು ತೂತು ಇಲ್ಲ ಅನ್ನುವುದೊಂದು ಅನುಕೂಲ. ಆಸಿಡ್ ಮಾತ್ರ ಇವಕ್ಕೂ ಆಗದು.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಅಂಗಡಿಯಿಂದ ಅಂಗೈ ಅಗಲದ ತುಂಡು ಕೇಳಿ ತನ್ನಿ. ಸೀಲರ್ ಹೊಡೆದದ್ದೊಂದು, ಹೊಡೆಯದ್ದೊಂದು. ಎರಡರ ಮೇಲೂ ನಿಂಬೆರಸ, ಅರಿಶಿನ ಕಲಸಿದ ಎಣ್ಣೆ, ಕಾಫಿ ಡಿಕಾಕ್ಷನ್ ಒಂದೊಂದು ಹನಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮಗಳ ಕೈಯಲ್ಲೇ ತೊಳೆಸಿ. ಆಮೇಲೂ ಅವಳು ಕಟ್ಟೆಗೆ ಅದೇ ಬೇಕು, ಆ ಕಲೆಗಳೂ ಇರಲಿ ಅಂದರೆ ಹಾಕಿಸಿಕೊಡಿ. ಹೋನ್ಡ್ ಫಿನಿಶ್‌ನಲ್ಲಿ ಹುಳಿಯ ಗುರುತು ಪಾಲಿಶ್ ಮಾಡಿದ್ದರಷ್ಟು ಎದ್ದು ಕಾಣುವುದಿಲ್ಲ, ಹಾಗೆಯೇ ಒಗ್ಗಿಕೊಂಡು ಇರುವವರೂ ಇದ್ದಾರೆ.

ಗೋಡೆಗೆ ತರುವಾಗ ಸ್ಲ್ಯಾಬ್‌ಗಳನ್ನು ನೀವೇ ಹೋಗಿ ಬಿಸಿಲಿನಲ್ಲಿ ನೋಡಿ, ಒಂದೇ ಬ್ಲಾಕಿನಿಂದ ಕೊಯ್ದವನ್ನೇ ಆರಿಸಿ. ಗೆರೆ ಅಡ್ಡ ಹೋಗಬೇಕಾ, ಉದ್ದ ಹೋಗಬೇಕಾ ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಮೇಸ್ತ್ರಿಗೆ ತೋರಿಸಿ, ಬಾಯಲ್ಲಿ ಹೇಳಿದರೆ ಸಾಲದು. ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯೇ ತನ್ನಿ. ಉಳಿದ ಎರಡು ತುಂಡು ಅಟ್ಟದ ಮೇಲೆ ಎತ್ತಿಡಿ. ಮುಂದೆ ಒಂದು ಕಲ್ಲು ಒಡೆದರೆ ಅದೇ ಗೆರೆ, ಅದೇ ಬಣ್ಣ ಅಂಗಡಿಯಲ್ಲಿ ಮತ್ತೆ ಸಿಗುವುದಿಲ್ಲ.